ಅಗ್ನಿಶಿಲೆ, ಜಲಜಶಿಲೆ: ಹುಟ್ಟು, ವಿಂಗಡಣೆ, ಗುರುತು – ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲು, ಪಿಯುಸಿ ಮಕ್ಕಳಿಗೆ, ಅವರಿಗೆ ಪಾಠ ಹೇಳುವ ಮೇಷ್ಟ್ರುಗಳಿಗೆ, ಮನೆ ಕಟ್ಟಿಸುತ್ತಾ ಕಲ್ಲಿನ ಅಂಗಡಿ ಸುತ್ತುತ್ತಿರುವವರಿಗೆ ಈ ಪುಟ. ಉದಾಹರಣೆಗಳನ್ನು ಆದಷ್ಟೂ ಕರ್ನಾಟಕದಿಂದಲೇ ಆರಿಸಿದ್ದೇವೆ. ಕಲ್ಲಿನ ಪಾಠ ಮುಟ್ಟಿ ನೋಡಿದರಷ್ಟೇ ತಲೆಯಲ್ಲಿ ಉಳಿಯುತ್ತದೆ.

ಖನಿಜಕ್ಕೂ ಶಿಲೆಗೂ ಏನು ವ್ಯತ್ಯಾಸ?

ಖನಿಜಕ್ಕೆ ನಿಗದಿತ ರಾಸಾಯನಿಕ ರಚನೆ ಇರುತ್ತದೆ, ಅದರ ಅಣುಗಳು ಕ್ರಮವಾಗಿ ಜೋಡಿಸಿಕೊಂಡಿರುತ್ತವೆ. ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ, ಕ್ಯಾಲ್ಸೈಟ್ ಇವೆಲ್ಲ ಖನಿಜಗಳು. ಶಿಲೆ ಎಂದರೆ ಖನಿಜಗಳ ಒಟ್ಟು. ಚಿತ್ರಾನ್ನದಲ್ಲಿ ಅಕ್ಕಿ, ಕಡಲೆಬೀಜ, ಸಾಸಿವೆ ಬೇರೆ ಬೇರೆ ಕಾಣುವ ಹಾಗೆ ಗ್ರಾನೈಟಿನಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಕಣ್ಣಿಗೇ ಕಾಣುತ್ತವೆ. ಸುಣ್ಣದ ಕಲ್ಲಿನಲ್ಲಿ ಬಹುಪಾಲು ಒಂದೇ ಖನಿಜ, ಕ್ಯಾಲ್ಸೈಟ್.

ಜಲಜಶಿಲೆ, ಕಣಶಿಲೆ, ಪದರುಶಿಲೆ – ಯಾವುದು ಸರಿ?

ಮೂರೂ ಒಂದೇ ಗುಂಪಿನ ಹೆಸರುಗಳು: ನೀರು, ಗಾಳಿ ತಂದ ಮರಳು, ಕೆಸರು, ಇಲ್ಲವೇ ನೀರಿನಲ್ಲಿ ಕರಗಿದ್ದದ್ದು ತಳ ಸೇರಿ ಕಲ್ಲಾದವು. ಪರೀಕ್ಷೆಯಲ್ಲಿ ನಿಮ್ಮ ಪಠ್ಯದಲ್ಲಿರುವುದನ್ನೇ ಬರೆಯಿರಿ. ಆದರೆ ಮೂರು ಹೆಸರಿಗೂ ಒಂದೊಂದು ಕೊರತೆ ಇದೆ. ಗಾಳಿ ತಂದು ಗುಡ್ಡೆ ಹಾಕಿದ ಮರಳೂ ಈ ಗುಂಪಿನ ಕಲ್ಲಾಗಬಹುದು, ಅದು ‘ಜಲಜ’ ಅಲ್ಲ. ಸಮುದ್ರದ ನೀರು ಇಂಗಿ ಉಳಿದ ಉಪ್ಪಿನ ಪದರಕ್ಕೆ ಎಲ್ಲಿಂದಲೋ ಬಂದ ಕಣಗಳಿಲ್ಲ. ಪದರವನ್ನೇ ನಂಬಿಕೊಂಡರೆ ಲಾಲ್‌ಬಾಗ್ ಬಂಡೆಯ ಪಟ್ಟೆಗಳೂ ಮೋಸ ಮಾಡುತ್ತವೆ (ಅದರ ವಿಷಯ ಮುಂದೆ ಬರುತ್ತದೆ). ಈ ಪುಟದಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಜಲಜಶಿಲೆ’ಯನ್ನೇ ಇಟ್ಟುಕೊಂಡಿದ್ದೇವೆ.

ಭೂಮಿಯ ಒಳಗೆಲ್ಲ ಶಿಲಾರಸ ಕುದಿಯುತ್ತಿರುತ್ತದಂತೆ, ನಿಜವೇ?

ಇಲ್ಲ. ಈ ತಪ್ಪು ತಿಳಿವಳಿಕೆ ಬಹಳ ಗಟ್ಟಿಯಾಗಿ ಕೂತುಬಿಟ್ಟಿದೆ. ಭೂಮಿಯ ಚಿಪ್ಪೂ ಅದರ ಕೆಳಗಿನ ಕವಚವೂ ಬಹುತೇಕ ಘನವೇ. ಪೂರ್ತಿ ದ್ರವವಾಗಿರುವುದು ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಶುರುವಾಗುವ ಹೊರ ತಿರುಳು. ಅದು ಕಬ್ಬಿಣ, ನಿಕ್ಕಲ್‌ಗಳ ದ್ರವ. ಜ್ವಾಲಾಮುಖಿಯ ಲಾವಾ ಅಲ್ಲಿಂದ ಬರುವುದಿಲ್ಲ.

ಕವಚದ ಕಲ್ಲು ಕೆಂಪಗೆ ಕಾದಿದ್ದರೂ ಮೇಲಿನ ಒತ್ತಡ ಅದನ್ನು ಕರಗಲು ಬಿಡುವುದಿಲ್ಲ. ಕೆಲವು ಕಡೆ ಮಾತ್ರ, ಅದೂ ಸ್ವಲ್ಪ ಭಾಗ, ಕರಗುತ್ತದೆ. ಅದಕ್ಕೆ ಮೂರು ದಾರಿ. ಮೊದಲನೆಯದು, ಬಿಸಿ ಕಲ್ಲು ಮೇಲಕ್ಕೆ ಬರುತ್ತಾ ಒತ್ತಡ ಇಳಿಯುವುದು. ಬಿಸಿ ಹೆಚ್ಚದೆಯೇ, ಒತ್ತಡ ಇಳಿದದ್ದಕ್ಕೇ ಕಲ್ಲು ಕರಗತೊಡಗುತ್ತದೆ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಕಡೆ ಹಾಸಿಕೊಂಡಿರುವ ದಖ್ಖನ್ ಬಸಾಲ್ಟಿಗೆ (ಲಾವಾ ಆರಿ ಆದ ಕಪ್ಪು ಕಲ್ಲು) ಕಾರಣವಾದ ಕರಗುವಿಕೆ ಮುಖ್ಯವಾಗಿ ಇದೇ. ಎರಡನೆಯದು ನೀರು. ಗ್ರಾನೈಟಿನಂಥ ಕಲ್ಲು ಒಣಗಿದ್ದಾಗ 900 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕರಗಲು ಒಪ್ಪುವುದಿಲ್ಲ. ಆಳದ ಒತ್ತಡದಲ್ಲಿ ನೀರು ಸೇರಿದರೆ 650–700 ಡಿಗ್ರಿಗೇ ಕರಗತೊಡಗುತ್ತದೆ. ಮೂರನೆಯದು, ಕೆಳಗಿನಿಂದ ಬಂದ ಬಿಸಿ ಶಿಲಾರಸ ಮೇಲಿನ ಕಲ್ಲಿಗೆ ತಾಗಿ ಅದನ್ನು ಕರಗಿಸುವುದು.

ಹೀಗೆ ಕರಗಿದ ಕಲ್ಲು ಆಳದಲ್ಲಿರುವಾಗ ಶಿಲಾರಸ, ನೆಲದ ಮೇಲೆ ಹರಿದಾಗ ಲಾವಾರಸ. ಅದು ಆರಿ ಗಟ್ಟಿಯಾದದ್ದೇ ಅಗ್ನಿಶಿಲೆ.

ಒಂದೇ ಶಿಲಾರಸದಿಂದ ಬೇರೆ ಬೇರೆ ಕಲ್ಲು ಹೇಗೆ ಹುಟ್ಟುತ್ತವೆ?

ಶಿಲಾರಸ ನೀರಿನ ಹಾಗೆ ಒಂದೇ ಉಷ್ಣತೆಯಲ್ಲಿ ಹೆಪ್ಪುಗಟ್ಟುವುದಿಲ್ಲ. ಖನಿಜಗಳು ಸರದಿಯ ಮೇಲೆ ಹರಳುಗಟ್ಟುತ್ತವೆ. ಮೊದಲು ಆಲಿವಿನ್, ಆಮೇಲೆ ಪೈರಾಕ್ಸೀನ್, ಆ್ಯಂಫಿಬೋಲ್, ಕಪ್ಪು ಕಾಗೆಬಂಗಾರ. ಜೊತೆಗೇ ಇನ್ನೊಂದು ಸಾಲಿನಲ್ಲಿ, ಮೊದಲು ಕ್ಯಾಲ್ಸಿಯಂ ಹೆಚ್ಚಿರುವ, ನಂತರ ಸೋಡಿಯಂ ಹೆಚ್ಚಿರುವ ಪ್ಲೇಜಿಯೊಕ್ಲೇಸ್ ಫೆಲ್ಡ್‌ಸ್ಪಾರ್. ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಮತ್ತು ಬೆಣಚು ಕೊನೆಯ ಸರದಿಯವು. ಭೂವಿಜ್ಞಾನಿ ನಾರ್ಮನ್ ಬೋವೆನ್ ಕುಲುಮೆಯಲ್ಲಿ ಪ್ರಯೋಗಗಳನ್ನು ಮಾಡಿ 1922ರಲ್ಲಿ ಮುಂದಿಟ್ಟ ಕ್ರಮ ಇದು.

ಮೊದಲು ಹುಟ್ಟಿದ ಭಾರದ ಹರಳುಗಳು ತಳಕ್ಕಿಳಿದು ಬೇರ್ಪಟ್ಟರೆ ಉಳಿದ ರಸದಲ್ಲಿ ಕಬ್ಬಿಣ, ಮೆಗ್ನೀಸಿಯಂ ಕಡಿಮೆಯಾಗಿ ಸಿಲಿಕ (ಸಿಲಿಕಾನ್, ಆಮ್ಲಜನಕ ಸೇರಿದ್ದು, ಬೆಣಚು ಇದರದ್ದೇ) ಹೆಚ್ಚುತ್ತದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯ ಬೈರಾಪುರದಲ್ಲಿ ಸಿಗುವ ಕ್ರೋಮೈಟ್ ಅದಿರೂ ಹೀಗೆ ಶಿಲಾರಸದಿಂದ ಮೊದಮೊದಲು ಹರಳುಗಟ್ಟಿ ಒಟ್ಟುಗೂಡಿದ್ದೇ. ಆದರೆ ಗ್ರಾನೈಟೆಲ್ಲ ಬಸಾಲ್ಟ್ ರಸದ ಉಳಿಕೆ ಎಂದುಕೊಳ್ಳಬೇಡಿ. ನಮ್ಮ ನಾಡಿನ ಗ್ರಾನೈಟಿನ ಬಹುಪಾಲಿಗೆ ಹಳೆಯ ಚಿಪ್ಪು ಮತ್ತೆ ಕರಗಿದ್ದೂ ಕಾರಣ.

ಹರಳು ದಪ್ಪವಿದ್ದರೆ ನಿಧಾನವಾಗಿ ಆರಿದ್ದು, ಸಣ್ಣದಿದ್ದರೆ ಬೇಗ ಆರಿದ್ದು. ಇಷ್ಟೇ ಸಾಕೇ?

ಶುರುವಿಗೆ ಸಾಕು. ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ಸಾವಿರಾರು, ಲಕ್ಷಾಂತರ ವರ್ಷ ತೆಗೆದುಕೊಂಡು ಆರಿದರೆ ಹರಳುಗಳು 5 ಮಿಲಿಮೀಟರ್ ದಾಟಿ ಬೆಳೆಯುತ್ತವೆ. ನೆಲದ ಮೇಲೆ ಹರಿದ ಲಾವಾದಲ್ಲಿ 1 ಮಿಲಿಮೀಟರಿಗಿಂತ ಸಣ್ಣವಾಗಿಯೇ ಉಳಿಯುತ್ತವೆ. ಹರಳುಗಟ್ಟಲು ಹೊತ್ತೇ ಸಿಗದಿದ್ದರೆ ಗಾಜು.

ಎರಡು ಕಡೆ ಈ ಸೂತ್ರ ಕೈಕೊಡುತ್ತದೆ. ಬೆರಳುದ್ದ, ಮೊಳದುದ್ದ ಹರಳುಗಳಿರುವ ಪೆಗ್ಮಟೈಟ್ ಅಷ್ಟೇನೂ ನಿಧಾನವಾಗಿ ಆರಿದ್ದಲ್ಲ. ಕೊನೆಯಲ್ಲಿ ಉಳಿದ ರಸದಲ್ಲಿ ನೀರು ಹೆಚ್ಚಿದ್ದರಿಂದ ಅಣುಗಳು ಸಲೀಸಾಗಿ ಓಡಾಡಿ ಹರಳು ದೊಡ್ಡದಾಯಿತು. ಎರಡನೆಯದು, ಒಂದೇ ಕಲ್ಲಿನಲ್ಲಿ ಎರಡು ಗಾತ್ರದ ಹರಳು. ರಾಮನಗರದ ಸುತ್ತಲಿನ ಗ್ರಾನೈಟಿನ ಹೊಸದಾಗಿ ಒಡೆದ ಚಕ್ಕೆಯೊಂದನ್ನು ಬಿಸಿಲಿಗೆ ಹಿಡಿದು ತಿರುಗಿಸಿ. ಬೆರಳ ಗೆಣ್ಣಿನಷ್ಟು ಉದ್ದದ, ನಸುಗೆಂಪು ಫೆಲ್ಡ್‌ಸ್ಪಾರಿನ ಮುಖವೊಂದು ಒಂದು ಕೋನದಲ್ಲಿ ಕನ್ನಡಿಯಂತೆ ಫಳ್ಳನೆ ಹೊಳೆದು ಮರುಕ್ಷಣ ಮಂಕಾಗುತ್ತದೆ. ಎಷ್ಟೋ ಸಲ ಮುಖದ ಅರ್ಧ ಮಾತ್ರ ಹೊಳೆಯುತ್ತದೆ, ಇನ್ನರ್ಧ ಹೊಳೆಯಲು ಕಲ್ಲನ್ನು ಇನ್ನಷ್ಟು ಹೊರಳಿಸಬೇಕು. ಅದು ಎರಡು ಹರಳುಗಳು ಬೆನ್ನಿಗೆ ಬೆನ್ನು ಕೊಟ್ಟು ಬೆಳೆದ ಅವಳಿ. ಅದರ ಸುತ್ತ ಬೂದುಬಣ್ಣದ, ಎಣ್ಣೆ ಸವರಿದಂತೆ ಕಾಣುವ ಬೆಣಚು. ಬೆಣಚಿಗೆ ಚಪ್ಪಟೆ ಮುಖವಿಲ್ಲ, ಉಳಿದ ಸಂದಿಯಲ್ಲಿ ಸಿಕ್ಕ ಆಕಾರದಲ್ಲಿ ಕೂತಿರುತ್ತದೆ. ಯಾವುದು ಮೊದಲು ಬೆಳೆಯಿತು, ಯಾವುದಕ್ಕೆ ಜಾಗ ಸಾಲದಾಯಿತು ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಅಗ್ನಿಶಿಲೆಗೆ ಹೆಸರಿಡುವುದು ಯಾವ ಲೆಕ್ಕದಲ್ಲಿ?

ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಹರಳಿನ ಗಾತ್ರ ಎಷ್ಟು, ಒಳಗೆ ಏನಿದೆ. ತೂಕದಲ್ಲಿ ಸಿಲಿಕ ಶೇ 63ಕ್ಕಿಂತ ಹೆಚ್ಚಿದ್ದರೆ ದಪ್ಪ ಹರಳಿನದು ಗ್ರಾನೈಟ್ ಬಳಗ, ಸಣ್ಣ ಹರಳಿನದು ರಯೋಲೈಟ್ ಮತ್ತು ಡೇಸೈಟ್. ಶೇ 52–63 ಇದ್ದರೆ ಡಯೊರೈಟ್, ಆ್ಯಂಡಿಸೈಟ್. ಶೇ 45–52 ಇದ್ದರೆ ಗ್ಯಾಬ್ರೊ, ಬಸಾಲ್ಟ್. ಶೇ 45ಕ್ಕಿಂತ ಕಡಿಮೆಯಾದರೆ ಪೆರಿಡೊಟೈಟ್‌ನಂಥವು. ಸಿಲಿಕ ಇಳಿದ ಹಾಗೆ ಬಣ್ಣ ಕಪ್ಪಾಗುತ್ತದೆ, ತೂಕ ಏರುತ್ತದೆ.

ದಪ್ಪ ಹರಳಿನ ಕಲ್ಲಿಗೆ ನಿಖರ ಹೆಸರು ಬೇಕಾದರೆ ಹರಳುಗಳನ್ನು ಎಣಿಸಬೇಕು. ಕಲ್ಲನ್ನು 0.03 ಮಿಲಿಮೀಟರ್‌ನಷ್ಟು ತೆಳುವಾಗಿ ಅರೆದು, ಗಾಜಿನ ಮೇಲೆ ಅಂಟಿಸಿ, ಸೂಕ್ಷ್ಮದರ್ಶಕದಡಿ ನೂರಾರು ಬಿಂದುಗಳಲ್ಲಿ ಯಾವ ಖನಿಜವಿದೆ ಎಂದು ಬರೆದುಕೊಳ್ಳುತ್ತಾರೆ. ಬೆಣಚು 30, ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ 35, ಪ್ಲೇಜಿಯೊಕ್ಲೇಸ್ 25, ಕಾಗೆಬಂಗಾರ 10 ಬಂತು ಎನ್ನಿ. ಕಪ್ಪು ಖನಿಜವನ್ನು ಬದಿಗಿಟ್ಟರೆ ಉಳಿದದ್ದು 90. ಅದರಲ್ಲಿ ಬೆಣಚು ಶೇ 33, ಅಂದರೆ 20ರಿಂದ 60ರೊಳಗಿದೆ. ಒಟ್ಟು ಫೆಲ್ಡ್‌ಸ್ಪಾರ್ 60ರಲ್ಲಿ ಪ್ಲೇಜಿಯೊಕ್ಲೇಸ್ 25, ಅಂದರೆ ಶೇ 42. ಈ ಪಾಲು 10ರಿಂದ 65ರೊಳಗಿದ್ದರೆ ಗ್ರಾನೈಟ್. 65–90 ಇದ್ದಿದ್ದರೆ ಗ್ರಾನೊಡಯೊರೈಟ್, 90 ದಾಟಿದ್ದರೆ ಟೋನಲೈಟ್ ಎನ್ನುತ್ತಿದ್ದೆವು. ಕಾಗೆಬಂಗಾರ ಬಿಡದೆ 100ಕ್ಕೆ ಲೆಕ್ಕ ಹಾಕುವುದು ವಿದ್ಯಾರ್ಥಿಗಳು ಅತಿ ಹೆಚ್ಚು ಮಾಡುವ ತಪ್ಪು.

‘ಬ್ಲ್ಯಾಕ್ ಗ್ರಾನೈಟ್’ ಗ್ರಾನೈಟೇ?

ಅಲ್ಲ. ಅಂಗಡಿಯವರ ಮಾತಿನಲ್ಲಿ ಗಟ್ಟಿಯಾಗಿದ್ದು ಪಾಲಿಶ್ ಹಿಡಿಯುವ ಕಲ್ಲೆಲ್ಲ ಗ್ರಾನೈಟ್. ಚಾಮರಾಜನಗರದ ಕಡೆಯಿಂದ ಬರುವ ಹೆಸರಾಂತ ಕಪ್ಪು ಕಲ್ಲು ಡೋಲೆರೈಟ್. ಅದರ ಶಿಲಾರಸ ಬಸಾಲ್ಟಿನದೇ. ಆದರೆ ಮೇಲೆ ಹರಿಯದೆ, ಹಳೆಯ ಬಂಡೆಯ ಸೀಳಿನಲ್ಲಿ ಗೋಡೆಯಂತೆ ನಿಂತು ಆರಿತು, ಆದ್ದರಿಂದ ಹರಳು ಮಧ್ಯಮ ಗಾತ್ರದ್ದು. ಇದರಲ್ಲಿ ಬೆಣಚು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇಳಕಲ್ಲಿನ ಕೆಂಪು ಕಲ್ಲಾದರೋ ಹೆಸರಿಗೆ ತಕ್ಕ ಗ್ರಾನೈಟ್ ಬಳಗದ್ದೇ.

ಅಡುಗೆಮನೆಗೆ ಡೋಲೆರೈಟಾದರೂ ಗ್ರಾನೈಟಾದರೂ ನಡೆಯುತ್ತದೆ, ನಿಂಬೆಹುಳಿಗೆ ಎರಡೂ ಹೆದರುವುದಿಲ್ಲ. ಎಚ್ಚರ ಬೇಕಾದ್ದು ಕಡಪ ಕಲ್ಲಿನ ಬಗ್ಗೆ. ಅದೂ ಕಪ್ಪೇ, ಆದರೆ ಸುಣ್ಣದ ಕಲ್ಲು. ಅನುಮಾನ ಬಂದರೆ ಪಾಲಿಶ್ ಇಲ್ಲದ ಹಿಂಬದಿಯಲ್ಲಿ ಚಾಕುವಿನ ತುದಿಯಿಂದ ಗೀರಿ. ಬಿಳಿ ಗೀರು ಬಿದ್ದು ಪುಡಿ ಉದುರಿದರೆ ಅದು ಕಡಪ. ಚಾಕುವಿನ ಉಕ್ಕೇ ಸವೆದು ಬೂದು ಗೆರೆ ಉಳಿದರೆ ಗಟ್ಟಿ ಅಗ್ನಿಶಿಲೆ.

ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳು ಬಸಾಲ್ಟೇ ಅಲ್ಲವೇ?

ಫಲಕಗಳಲ್ಲೂ ಪುಸ್ತಕಗಳಲ್ಲೂ ಬಸಾಲ್ಟ್ ಎಂದೇ ಬರೆದುಕೊಂಡು ಬಂದಿದ್ದಾರೆ. ರಾಸಾಯನಿಕ ವಿಶ್ಲೇಷಣೆ ಮಾತ್ರ ಬೇರೆ ಹೇಳುತ್ತದೆ: ಸಿಲಿಕ ಹೆಚ್ಚಿರುವ ರಯೋಲೈಟ್, ಡೇಸೈಟ್ ಅವು. ಕಂಬದ ಆಕಾರ ಬಸಾಲ್ಟಿನ ಸ್ವತ್ತಲ್ಲ. ಲಾವಾದ ದಪ್ಪ ಹಾಸು ಆರುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಒಣಗಿದ ಕೆರೆಯಂಗಳದ ಬಿರುಕುಗಳನ್ನು ನೆನೆಸಿಕೊಳ್ಳಿ. ಬಿರುಕು ತಂಪಾದ ಮೇಲ್ಮೈಗೆ ಲಂಬ ಕೋನದಲ್ಲಿ ಒಳಕ್ಕಿಳಿಯುತ್ತಾ ಹೋದರೆ ಐದು, ಆರು, ಏಳು ಮುಖದ ಕಂಬಗಳಾಗುತ್ತವೆ. ಯಾವ ಲಾವಾದಲ್ಲೂ ಇದು ನಡೆಯಬಹುದು.

ಈ ಕಲ್ಲು ಸುಮಾರು 8.8 ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬೇರ್ಪಟ್ಟ ಕಾಲದ್ದು. ದಖ್ಖನ್ ಬಸಾಲ್ಟ್ ಸುಮಾರು 6.6 ಕೋಟಿ ವರ್ಷದ್ದು. ಎರಡನ್ನೂ ಒಂದೇ ಘಟನೆ ಎಂದು ಬರೆದರೆ ತಪ್ಪು.

ಬಸಾಲ್ಟಿನಲ್ಲಿ ತೂತುಗಳು, ತೂತಿನಲ್ಲಿ ಬಿಳಿ ಹರಳುಗಳು ಏಕೆ?

ಲಾವಾದಲ್ಲಿ ಕರಗಿದ್ದ ಅನಿಲ ಮೇಲೆ ಬಂದಾಗ ಸೋಡಾ ಬಾಟಲಿ ತೆರೆದಂತೆ ಗುಳ್ಳೆಯಾಗುತ್ತದೆ. ಗುಳ್ಳೆ ತಪ್ಪಿಸಿಕೊಳ್ಳುವ ಮೊದಲೇ ಕಲ್ಲು ಗಟ್ಟಿಯಾದರೆ ತೂತು ಉಳಿಯಿತು. ಒಂದೊಂದು ಲಾವಾ ಹಾಸಿನ ಮೇಲ್ಭಾಗದಲ್ಲೇ ತೂತು ಜಾಸ್ತಿ. ಆಮೇಲೆ ಬಿಸಿನೀರು ಆ ತೂತುಗಳಲ್ಲಿ ಜಿನುಗಿ ಜಿಯೊಲೈಟ್, ಕ್ಯಾಲ್ಸೈಟ್, ಅಗೇಟ್ ತುಂಬಿತು. ಕೆರೆ ದಂಡೆಯ ಕತ್ತರಿಸಿದ ಗುಡ್ಡದಲ್ಲಿ ತೂತಿನ ಸಾಲು ಕಂಡರೆ ಅಲ್ಲಿಗೆ ಒಂದು ಹಾಸು ಮುಗಿದು ಇನ್ನೊಂದು ಶುರುವಾಗಿದೆ ಎಂದು ಲೆಕ್ಕ. ನೀರೊಳಗೆ ಹರಿದ ಲಾವಾ ದಿಂಬಿನಂತೆ ಉಬ್ಬಿ ಉಬ್ಬಿ ಗಟ್ಟಿಯಾಗುತ್ತದೆ. ಚಿತ್ರದುರ್ಗದ ಬಳಿ ಮರಡಿಹಳ್ಳಿಯಲ್ಲಿ ಅಂಥ ದಿಂಬುಲಾವಾ ಇದೆ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಂದರೆ ಬಯಲುಸೀಮೆಯ ಆ ನೆಲ ಒಂದು ಕಾಲಕ್ಕೆ ನೀರಿನಡಿ ಇತ್ತು.

ಮರಳು, ಕೆಸರು ಕಲ್ಲಾಗುವುದು ಹೇಗೆ?

ಮೊದಲು ಬಂಡೆ ಸವೆಯಬೇಕು. ಗ್ರಾನೈಟಿನ ಫೆಲ್ಡ್‌ಸ್ಪಾರ್ ಮಳೆನೀರಿನ ಹುಳಿಗೆ ಕರಗುತ್ತಾ ಜೇಡಿಯಾಗುತ್ತದೆ, ಬೆಣಚು ಜಗ್ಗದೆ ಮರಳಾಗಿ ಉಳಿಯುತ್ತದೆ. ನಮ್ಮ ಹೊಳೆಗಳ ಮರಳಿನಲ್ಲಿ ಬೆಣಚೇ ಮುಂದಿರುವುದು ಅದಕ್ಕೆ. ಹರಿವು ಜೋರಿದ್ದಲ್ಲಿ ಗುಂಡುಕಲ್ಲು, ಇಳಿದಲ್ಲಿ ಮರಳು, ನಿಂತಲ್ಲಿ ಕೆಸರು ತಳ ಸೇರುತ್ತದೆ.

ಹೊಸ ಕೆಸರಿನ ಗಾತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಮೇಲೆ ನೂರಾರು ಮೀಟರ್ ಹೂಳು ಬಿದ್ದ ಹಾಗೆ ನೀರು ಹಿಂಡಿಹೋಗಿ ಜೇಡಿಯ ಚಪ್ಪಟೆ ಕಣಗಳು ಅಡ್ಡಡ್ಡ ಮಲಗುತ್ತವೆ. ಜೇಡಿಶಿಲೆ ಹಾಳೆಹಾಳೆಯಾಗಿ ಬಿಡಿಸಿಕೊಳ್ಳುವುದು ಇದರಿಂದ. ಮರಳಿನ ಕಥೆ ಬೇರೆ. ಗುಂಡು ಕಣಗಳನ್ನು ಎಷ್ಟು ಒತ್ತಿದರೂ ಸಂದಿ ಉಳಿಯುತ್ತದೆ, ಮೊದಲಿಗೆ ಸುಮಾರು ಶೇ 40ರಷ್ಟು ಖಾಲಿ ಜಾಗ. ಅಲ್ಲಿ ಹರಿಯುವ ಅಂತರ್ಜಲ ಸಿಲಿಕ, ಕ್ಯಾಲ್ಸೈಟ್ ಅಥವಾ ಕಬ್ಬಿಣದ ಆಕ್ಸೈಡನ್ನು ಬಿಟ್ಟುಹೋಗಿ ಕಣಗಳನ್ನು ಅಂಟಿಸಬೇಕು. ಕಲ್ಲಿನ ಗಟ್ಟಿತನ ಈ ಅಂಟಿನ ಮೇಲಿದೆ. ಸಿಲಿಕದ ಅಂಟಿದ್ದರೆ ಸುತ್ತಿಗೆಯಲ್ಲಿ ಹೊಡೆದರೂ ಠಣ್ಣೆನ್ನುತ್ತದೆ. ಕ್ಯಾಲ್ಸೈಟಿನದಾದರೆ ಹುಳಿಮಳೆಗೆ ಸವೆಯುತ್ತದೆ. ಜೇಡಿಯಷ್ಟೇ ಇದ್ದರೆ ಉಗುರಿಗೇ ಮರಳು ಉದುರುತ್ತದೆ.

ಜಲಜಶಿಲೆಗಳನ್ನು ವಿಂಗಡಿಸುವುದು?

ತೇಲಿ ಬಂದ ಚೂರುಗಳಿಂದ ಆದವು, ಕರಗಿ ಬಂದದ್ದು ಮತ್ತೆ ಗಟ್ಟಿಯಾಗಿ ತಳ ಸೇರಿ ಆದವು, ಜೀವಿಗಳ ಅವಶೇಷದಿಂದ ಆದವು ಎಂದು ಮೂರು ಕವಲು. ಚೂರಿನವನ್ನು ಗಾತ್ರದಿಂದ ಅಳೆಯುತ್ತೇವೆ. 2 ಮಿಲಿಮೀಟರ್ ಮೀರಿದರೆ ನೊರಜು, 2ರಿಂದ 0.0625ರವರೆಗೆ ಮರಳು, ಅಲ್ಲಿಂದ 0.004ರವರೆಗೆ ನುಣುಪು ಹೂಳು, ಅದಕ್ಕೂ ಸಣ್ಣದು ಜೇಡಿ. ಹೂಳೋ ಜೇಡಿಯೋ ತಿಳಿಯದಿದ್ದರೆ ಚೂರನ್ನು ಮುಂಗಡೆ ಹಲ್ಲಿನಲ್ಲಿ ಮೆಲ್ಲಗೆ ಕಚ್ಚಿ ನೋಡುವುದು ಭೂವಿಜ್ಞಾನಿಗಳ ಹಳೆಯ ರೂಢಿ: ಕರಕರ ಎಂದರೆ ಹೂಳು, ಬೆಣ್ಣೆಯಂತಿದ್ದರೆ ಜೇಡಿ. ರಸ್ತೆಬದಿಯ ಕಲ್ಲಿನಲ್ಲಿ ಇದನ್ನು ಮಾಡಬೇಡಿ, ಹೊಸದಾಗಿ ಒಡೆದ ಶುದ್ಧ ಮುಖವಾದರೆ ಮಾತ್ರ.

ನೊರಜಿನ ಚೂರುಗಳು ಗುಂಡಗಿದ್ದರೆ ಕಾಂಗ್ಲಾಮರೇಟ್, ಮೂಲೆ ಚೂಪಾಗಿದ್ದರೆ ಬ್ರೆಕ್ಷಿಯಾ. ಚೂಪು ಎಂದರೆ ದೂರ ಉರುಳಿಲ್ಲ ಎಂದರ್ಥ. ಮರಳುಗಲ್ಲಿನಲ್ಲಿ ಫೆಲ್ಡ್‌ಸ್ಪಾರ್ ಶೇ 25 ದಾಟಿದರೆ ಆರ್ಕೋಸ್ ಎನ್ನುತ್ತಾರೆ. ಬೇಗ ಹಾಳಾಗುವ ಫೆಲ್ಡ್‌ಸ್ಪಾರ್ ಇನ್ನೂ ಉಳಿದಿದೆ ಎಂದರೆ ಗ್ರಾನೈಟಿನ ಗುಡ್ಡ ಹತ್ತಿರದಲ್ಲೇ ಇದ್ದಿರಬೇಕು, ಮರಳು ಬೇಗ ಹೂತುಹೋಗಿರಬೇಕು. ಸಂದಿಗಳಲ್ಲಿ ಜೇಡಿ, ಹೂಳು ಶೇ 15 ಮೀರಿದರೆ ವ್ಯಾಕ್.

ಸುಣ್ಣದ ಕಲ್ಲಿಗೆ ಬೇರೆಯದೇ ಪಟ್ಟಿ ಇದೆ, 1962ರಲ್ಲಿ ಭೂವಿಜ್ಞಾನಿ ಡನ್‌ಹ್ಯಾಮ್ ಕೊಟ್ಟದ್ದು. ಅದರಲ್ಲಿ ಮುಖ್ಯವಾಗಿ ಕೇಳುವುದು ಒಂದು: ಚಿಪ್ಪು ಮುಂತಾದ ಕಣಗಳು ಒಂದಕ್ಕೊಂದು ತಾಗಿ ನಿಂತಿವೆಯೋ, ಸುಣ್ಣದ ಕೆಸರಿನಲ್ಲಿ ತೇಲುತ್ತಿವೆಯೋ. ತಾಗಿ ನಿಂತಿದ್ದರೆ ಅಲೆ ಕೆಸರನ್ನು ತೊಳೆದೊಯ್ದ ಜಾಗ, ತೇಲುತ್ತಿದ್ದರೆ ನೀರು ಶಾಂತವಾಗಿದ್ದ ಜಾಗ.

ಬಾದಾಮಿಯ ಗೋಡೆಗಳಲ್ಲಿ ಓರೆ ಗೆರೆಗಳಿವೆಯಲ್ಲ, ಭೂಮಿ ವಾಲಿದ್ದೇ?

ವಾಲಿಲ್ಲ. ಅಗಸ್ತ್ಯ ತೀರ್ಥದ ಬದಿಯ ಮರಳುಗಲ್ಲಿನ ಬಂಡೆಯನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿ. ಅಡ್ಡಕ್ಕೆ ದಪ್ಪ ಪದರ, ಅದರೊಳಗೆ ಒಂದೇ ಕಡೆ ಇಳಿಜಾರಾದ ಸಣ್ಣ ಗೆರೆಗಳು, ಮೇಲಿನ ಪದರದ ತಳದಲ್ಲಿ ಅವು ಕತ್ತರಿಸಿದಂತೆ ನಿಲ್ಲುತ್ತವೆ. ಹರಿವ ನೀರು ಮರಳಿನ ದಿಣ್ಣೆಯನ್ನು ಮುಂದೆ ತಳ್ಳುವಾಗ ಮರಳು ದಿಣ್ಣೆಯ ಮುಂದಿನ ಇಳಿಜಾರಿನಲ್ಲಿ ಜಾರಿ ಜಾರಿ ಕೂರುತ್ತದೆ. ಗೆರೆ ಇಳಿದ ಕಡೆಗೇ ಅಂದಿನ ನೀರು ಹರಿಯುತ್ತಿತ್ತು. ಹಲವು ಗೆರೆಗಳ ದಿಕ್ಕನ್ನು ಕಂಪಾಸಿನಲ್ಲಿ ಅಳೆದರೆ ಕೋಟ್ಯಂತರ ವರ್ಷದ ಹಿಂದಿನ ಹೊಳೆಯ ದಿಕ್ಕು ಸಿಗುತ್ತದೆ. ನಮ್ಮ ಮಟ್ಟಿಗೆ ಕರ್ನಾಟಕದಲ್ಲಿ ಜಲಜಶಿಲೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ತರಗತಿ ಇಲ್ಲ.

ಕೆಂಪು ಬಣ್ಣ ಕಣಗಳ ಮೇಲಿನ ಕಬ್ಬಿಣದ ಆಕ್ಸೈಡಿನದು. ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದ್ದು. ಚಾಲುಕ್ಯರ ಕಲ್ಲುಕುಟಿಗರು ಕೊರೆದ ಈ ಪದರಕ್ಕೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರೇ ‘ಕೇವ್ ಟೆಂಪಲ್ ಅರೆನೈಟ್’.

ಶಹಾಬಾದಿ ನೆಲದ ಮೇಲೆ ನಿಂಬೆರಸ ಬಿದ್ದು ಬಿಳಿ ಕಲೆಯಾಗಿದೆ. ತೆಗೆಯುವುದು ಹೇಗೆ?

ಅದು ಕಲೆಯಲ್ಲ, ಕಲ್ಲೇ ಕರಗಿದ ಗುಳಿ. ಆದ್ದರಿಂದ ತೊಳೆದರೆ ಹೋಗುವುದಿಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಸೇಡಂ ಕಡೆಯ ಈ ಫರಸಿ ಭೀಮಾ ಕೊಳ್ಳದ ಸುಣ್ಣದ ಕಲ್ಲು, ಹಳೆಯ ಸಮುದ್ರದ ತಳದಲ್ಲಿ ನುಣುಪಾದ ಸುಣ್ಣದ ಕೆಸರಾಗಿ ಕೂತದ್ದು. ಪದರದ ಗುಂಟ ಚಪ್ಪಡಿಯಾಗಿ ಏಳುವುದರಿಂದ ನೆಲಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಹುಳಿ ಬಿದ್ದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ಹೊಳಪು ಹೋಗುತ್ತದೆ. ಮತ್ತೆ ಉಜ್ಜಿ ಪಾಲಿಶ್ ಮಾಡಿಸುವುದೊಂದೇ ದಾರಿ. ನಿತ್ಯದ ಒರೆಸುವಿಕೆಗೆ ಬರಿ ನೀರು ಅಥವಾ ಹುಳಿಯಿಲ್ಲದ ಸೋಪು ಸಾಕು. ಬಚ್ಚಲು ತೊಳೆಯುವ ಆ್ಯಸಿಡ್ಡನ್ನು ಈ ನೆಲಕ್ಕೆ ಸುರಿಯಲೇಬೇಡಿ, ಒಂದು ಸಲಕ್ಕೇ ನೆಲ ಒರಟಾಗುತ್ತದೆ.

ಸಿಮೆಂಟ್ ಕಾರ್ಖಾನೆಗಳು ಆ ಸೀಮೆಯಲ್ಲಿ ಒತ್ತೊತ್ತಾಗಿರುವುದಕ್ಕೂ ಇದೇ ಕಲ್ಲು ಕಾರಣ. ಶುದ್ಧ ಕ್ಯಾಲ್ಸೈಟ್ 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ಆಮ್ಲ ಹಾಕಿ ಪರೀಕ್ಷಿಸುವಾಗ ಏನು ತಪ್ಪಾಗುತ್ತದೆ?

ಶಾಲೆಯ ಪ್ರಯೋಗಾಲಯದಲ್ಲಿ ಶೇ 10ರ ಹೈಡ್ರೋಕ್ಲೋರಿಕ್ ಆಮ್ಲ ಒಂದು ಹನಿ ಸಾಕು, ಸುಣ್ಣದ ಕಲ್ಲಾದರೆ ನೊರೆ ಏಳುತ್ತದೆ. ತೆಳು ಮಾಡುವಾಗ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು, ಸಿಡಿಯುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡೇ ಮಾಡಿ. ಮನೆಯಲ್ಲಾದರೆ ವಿನೆಗರ್ ಆದೀತು, ಆದರೆ ಗುಳ್ಳೆ ನಿಧಾನ. ಮೊದಲು ಚಾಕುವಿನಿಂದ ಗೀರಿ ಪುಡಿ ಮಾಡಿ ಅದರ ಮೇಲೆ ಹನಿಸಿ, ಮಸೂರದಲ್ಲಿ ನೋಡಿ.

ಮೋಸಹೋಗುವ ಜಾಗಗಳು ಮೂರು. ಡಾಲೊಮೈಟ್ (ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಇರುವ ಕಾರ್ಬೊನೇಟ್) ಗಟ್ಟಿ ಮುಖದ ಮೇಲೆ ಸುಮ್ಮನಿರುತ್ತದೆ, ಪುಡಿ ಮಾಡಿದರೆ ಮಾತ್ರ ನೊರೆಯುತ್ತದೆ. ಬಸಾಲ್ಟಿನ ತೂತಿನಲ್ಲಿರುವ ಕ್ಯಾಲ್ಸೈಟ್ ಜೋರಾಗಿ ನೊರೆಯುತ್ತದೆ, ಅದನ್ನು ಕಂಡು ಕಲ್ಲನ್ನೇ ಸುಣ್ಣದ ಕಲ್ಲೆಂದು ಬರೆದುಬಿಡುತ್ತಾರೆ. ಹಳೆಯ ಕಟ್ಟಡದಿಂದ ಬಿದ್ದ ಚೂರಾದರೆ ಗಾರೆ ಅಂಟಿಕೊಂಡಿರುತ್ತದೆ. ಯಾವಾಗಲೂ ಹೊಸದಾಗಿ ಒಡೆದ ಮುಖದ ಮೇಲೆ, ಎರಡು ಮೂರು ಕಡೆ ಹನಿಸಿ.

ಸಂಡೂರಿನ ಕಬ್ಬಿಣದ ಅದಿರು ಯಾವ ಗುಂಪು?

ಹುಟ್ಟಿನಲ್ಲಿ ಜಲಜ. ಆ ಕಾಲದ ಸಮುದ್ರದಲ್ಲಿ ಆಮ್ಲಜನಕ ಇಲ್ಲದಂತೆಯೇ ಇತ್ತು, ಕಬ್ಬಿಣ ಕರಗಿಕೊಂಡಿತ್ತು. ಅದು ಆಕ್ಸೈಡಾಗಿ ತಳ ಸೇರಿತು, ನಡುನಡುವೆ ಸಿಲಿಕ ಕೂತಿತು. ಕೆಂಪು, ಬೂದು ಪಟ್ಟೆಗಳು ಹಾಗೆ ಬಂದವು. ಮುಂದೆ ಬಿಸಿ, ಒತ್ತಡಕ್ಕೆ ಸಿಕ್ಕಿ ಸ್ವಲ್ಪ ರೂಪಾಂತರವೂ ಆಯಿತು. ದೋಣಿಮಲೈಯಂಥ ಕಡೆ ಸಿಲಿಕ ತೊಳೆದುಹೋಗಿ ಹೆಮಟೈಟ್ ಉಳಿದ ಜಾಗವೇ ಒಳ್ಳೆಯ ಅದಿರು.

ಮುರಕಲ್ಲು?

ಅಗ್ನಿಶಿಲೆಯೂ ಅಲ್ಲ, ಜಲಜಶಿಲೆಯೂ ಅಲ್ಲ. ಕರಾವಳಿಯ ಮುರಕಲ್ಲು, ಬೀದರಿನ ಕೆಂಪುಕಲ್ಲು, ಪುಸ್ತಕದ ಜಂಬಿಟ್ಟಿಗೆ ಎಲ್ಲ ಒಂದೇ. ಬಿಸಿ, ಮಳೆ ಸೇರಿದ ಹವೆಯಲ್ಲಿ ಕಲ್ಲು ನಿಂತಲ್ಲೇ ಕೊಳೆತು, ಸಿಲಿಕ ಕರಗಿಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಉಳಿದದ್ದು. ಬೀದರಿನಲ್ಲಿ ಅಡಿಯಲ್ಲಿರುವ ಮೂಲ ಕಲ್ಲು ಬಸಾಲ್ಟ್. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಕೇರಳದ ಅಂಗಾಡಿಪುರದಲ್ಲಿ. ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವುದರಿಂದ, ಕಡಿದ ಕಲ್ಲನ್ನು ಕೆಲ ದಿನ ಒಣಗಲು ಬಿಟ್ಟು ಆಮೇಲೆ ಗೋಡೆಗೆ ಏರಿಸಬೇಕು. ಬಿಳಿ ಜೇಡಿಯ ಗಂಟು ಹೆಚ್ಚಿರುವ ಕಲ್ಲು ಮಳೆಗೆ ಕರಗುತ್ತದೆ, ಬೇಡವೆನ್ನಿ.

ಲಾಲ್‌ಬಾಗ್ ಬಂಡೆಯಲ್ಲಿ ಪಟ್ಟೆಗಳಿವೆ. ಅದು ಜಲಜಶಿಲೆಯೇ?

ಅಲ್ಲ, ನೈಸ್ ಎಂಬ ರೂಪಾಂತರ ಶಿಲೆ, ಸುಮಾರು 300 ಕೋಟಿ ವರ್ಷದ್ದು. ಅದರ ಪಟ್ಟೆ ಖನಿಜಗಳು ಬಿಸಿ, ಒತ್ತಡದಲ್ಲಿ ಬಿಳಿ, ಕಪ್ಪು ಎಂದು ಬೇರ್ಪಟ್ಟದ್ದು. ಗುರುತು ಸುಲಭ: ಜಲಜಶಿಲೆಯ ಪದರದೊಳಗೆ ಕಣಗಳು ಬಿಡಿಬಿಡಿಯಾಗಿ ಅಂಟಿಕೊಂಡಿರುತ್ತವೆ, ನೈಸಿನ ಹರಳುಗಳು ಒಂದಕ್ಕೊಂದು ಹಲ್ಲು ಕಚ್ಚಿಕೊಂಡಿರುತ್ತವೆ, ಪಟ್ಟೆಗಳು ಹಾವಿನಂತೆ ಮಡಚಿಕೊಂಡಿರುತ್ತವೆ. ಬೇಲೂರು, ಹಳೇಬೀಡಿನ ಬಳಪದ ಕಲ್ಲೂ ರೂಪಾಂತರದ್ದೇ.

ಕೈಯಲ್ಲಿ ಕಲ್ಲಿದೆ. ಯಾವ ಕ್ರಮದಲ್ಲಿ ನೋಡಲಿ?

ಮೊದಲು ಒಡೆಯಿರಿ. ಹೊರಮೈಯ ಬಣ್ಣ ಬರಿ ತುಕ್ಕು. ಹೊಸ ಮುಖವನ್ನು ತೇವ ಮಾಡಿ ಹತ್ತು ಪಟ್ಟು ಹಿಗ್ಗಿಸುವ ಮಸೂರವನ್ನು ಕಣ್ಣಿಗೆ ಒತ್ತಿ ಹಿಡಿದು, ಕಲ್ಲನ್ನು ಅದರ ಹತ್ತಿರ ತನ್ನಿ. ಹರಳುಗಳು ಕಚ್ಚಿಕೊಂಡಿವೆಯೋ, ಕಣಗಳ ನಡುವೆ ಅಂಟಿದೆಯೋ? ಕಚ್ಚಿಕೊಂಡು, ಪಟ್ಟೆಯಿಲ್ಲದೆ ಇದ್ದರೆ ಅಗ್ನಿಶಿಲೆ ಎಂದು ಶುರುಮಾಡಿ. ಬೆರಳಿನಿಂದ ಉಜ್ಜಿದಾಗ ಕಣ ಉದುರಿದರೆ ಜಲಜ. ನಂತರ ಚಾಕುವಿನ ಗೀರು. 1ರಿಂದ 10ರವರೆಗಿನ ಮೋಸ್ ಗಡಸುತನದ ಅಳತೆಯಲ್ಲಿ ಉಕ್ಕು ಸುಮಾರು 5.5, ಬೆಣಚು 7, ಫೆಲ್ಡ್‌ಸ್ಪಾರ್ 6, ಕ್ಯಾಲ್ಸೈಟ್ 3. ಆಮೇಲೆ ಆಮ್ಲ.

ಇನ್ನೂ ಅನುಮಾನವಿದ್ದರೆ ಸಾಂದ್ರತೆ. ಕಲ್ಲನ್ನು ದಾರದಲ್ಲಿ ಕಟ್ಟಿ ತೂಗಿ, 810 ಗ್ರಾಂ ಎನ್ನಿ. ಅದೇ ದಾರದಲ್ಲಿ ನೀರಿನ ಬಕೆಟ್ಟಿನೊಳಗೆ ತಳ ತಾಗದಂತೆ ತೂಗಿಬಿಟ್ಟು ಮತ್ತೆ ಅಳೆಯಿರಿ, 510 ಬಂತು. ವ್ಯತ್ಯಾಸ 300. 810ನ್ನು 300ರಿಂದ ಭಾಗಿಸಿದರೆ 2.7, ಗ್ರಾನೈಟಿಗೆ ಹೊಂದುತ್ತದೆ. 2.9, 3.0 ಬಂದರೆ ಬಸಾಲ್ಟ್, ಡೋಲೆರೈಟ್. ತೂತಿನ ಕಲ್ಲಿನಲ್ಲಿ ಗಾಳಿ ಸಿಕ್ಕಿ ಲೆಕ್ಕ ಕಡಿಮೆ ಬರುತ್ತದೆ, ಹಾಗಾಗಿ ಹಿಂದಿನ ರಾತ್ರಿಯೇ ನೆನೆಹಾಕಿ.

ಹಂಪಿಯ ಬಂಡೆಗಳು ಒಂದರ ಮೇಲೊಂದು ಹೇಗೆ ಕೂತವು?

ಯಾರೂ ಪೇರಿಸಲಿಲ್ಲ. ಗ್ರಾನೈಟಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳಿದ್ದವು. ನೆಲದಡಿಯಲ್ಲಿದ್ದಾಗಲೇ ನೀರು ಬಿರುಕಿಗಿಳಿದು ಕಲ್ಲನ್ನು ಕೊಳೆಸಿತು. ಮೂಲೆಗೆ ಮೂರು ಕಡೆಯಿಂದ ಪೆಟ್ಟು, ಅಂಚಿಗೆ ಎರಡು, ಮುಖಕ್ಕೆ ಒಂದು. ಹಾಗಾಗಿ ಚೌಕದ ತುಂಡು ಗುಂಡಾಗುತ್ತಾ ಹೋಯಿತು. ಆಮೇಲೆ ಮಳೆ ಕೊಳೆತ ಗರಸನ್ನು ತೊಳೆದೊಯ್ದು ಗುಂಡುಗಳನ್ನು ಇದ್ದಲ್ಲೇ ಬಿಟ್ಟಿತು.

ಬೋರ್‌ವೆಲ್ ಹಾಕಿಸುವವರಿಗೆ ಇದರಿಂದ ಏನಾದರೂ ಉಪಯೋಗವೇ?

ಬಹಳ. ಗ್ರಾನೈಟ್, ನೈಸಿನಲ್ಲಿ ನೀರು ಇರುವುದು ಮೇಲಿನ ಕೊಳೆತ ಪದರದಲ್ಲಿ ಮತ್ತು ಬಿರುಕಿನಲ್ಲಿ ಮಾತ್ರ. ಹತ್ತು ಮೀಟರ್ ಪಕ್ಕದ ಹೊಲದಲ್ಲಿ ನೀರು ಬಂದು ನಿಮ್ಮಲ್ಲಿ ಬರಿ ಕಲ್ಲುಪುಡಿ ಏಳುವುದು ಅದಕ್ಕೇ. ಬಸಾಲ್ಟಿನಲ್ಲಾದರೆ ಎರಡು ಹಾಸುಗಳ ನಡುವಿನ ತೂತಿನ ಪದರದಲ್ಲಿ, ಬಿರುಕಿನಲ್ಲಿ ಸಿಗುತ್ತದೆ. ಬೀದರಿನ ಹಳೆಯ ಕಾರೇಜ್ ಸುರಂಗಗಳು ಮುರಕಲ್ಲಿನಲ್ಲಿ ಇಂಗಿ ಬಸಾಲ್ಟಿನ ಮೇಲೆ ನಿಂತ ನೀರನ್ನೇ ಊರಿಗೆ ತಂದವು. ಕೊರೆಯುವಾಗ ಮೇಲೆ ಬರುವ ಪುಡಿಯನ್ನು ಪ್ರತಿ ಹತ್ತಡಿಗೂ ಒಂದೊಂದು ಹಿಡಿ ಬೇರೆ ಬೇರೆ ಕವರಿನಲ್ಲಿ ಆಳ ಬರೆದು ಇಡಿ. ಪುಡಿಯ ಬಣ್ಣ, ಒರಟುತನ ಬದಲಾದ ಆಳ ಗೊತ್ತಿದ್ದರೆ ಕೇಸಿಂಗ್ ಎಲ್ಲಿಯವರೆಗೆ ಇಳಿಸಬೇಕೆಂಬ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಕಲ್ಲಿನ ವಯಸ್ಸನ್ನು ಅಳೆಯುವುದು ಹೇಗೆ?

ಗ್ರಾನೈಟಿನಲ್ಲಿ ಜಿರ್ಕಾನ್ ಎಂಬ ಸಾಸಿವೆಗಿಂತ ಸಣ್ಣ ಹರಳಿರುತ್ತದೆ. ಅದು ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಯುರೇನಿಯಂ ಕಾಲ ಕಳೆದಂತೆ ತಾನೇ ಸೀಸವಾಗುತ್ತದೆ. ಯುರೇನಿಯಂ-238ರ ಅರ್ಧಾಯುಷ್ಯ, ಅಂದರೆ ಅರ್ಧ ಭಾಗ ಹೀಗೆ ಬದಲಾಗಲು ಬೇಕಾದ ಕಾಲ, ಸುಮಾರು 447 ಕೋಟಿ ವರ್ಷ. ಇಂದು ಒಳಗಿರುವ ಸೀಸ ಎಷ್ಟು ಎಂದು ಅಳೆದರೆ ಹರಳುಗಟ್ಟಿದ ಕಾಲ ಸಿಗುತ್ತದೆ. ರಾಮನಗರದ, ಹಳೆಯ ಹೆಸರಿನ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ಎಂಬುದು ಹೀಗೆ ಬಂದ ಲೆಕ್ಕ.

ಮರಳುಗಲ್ಲಿಗೆ ಇದೇ ವಿಧಾನ ಹಾಕಿದರೆ ತಪ್ಪು ಉತ್ತರ ಬರುತ್ತದೆ. ಅದರೊಳಗಿನ ಜಿರ್ಕಾನ್ ಸವೆದುಹೋದ ಹಳೆಯ ಗುಡ್ಡದ ವಯಸ್ಸನ್ನು ಹೇಳುತ್ತದೆ, ಮರಳು ಕೂತ ಕಾಲವನ್ನಲ್ಲ. ಎಲ್ಲಕ್ಕಿಂತ ಎಳೆಯ ಜಿರ್ಕಾನಿಗಿಂತ ಮರಳುಗಲ್ಲು ಹಳೆಯದಾಗಿರಲಾರದು ಎಂಬಷ್ಟು ಮಾತ್ರ ಖಚಿತ. ಪದರಗಳ ನಡುವೆ ಜ್ವಾಲಾಮುಖಿಯ ಬೂದಿ ಬಿದ್ದಿದ್ದರೆ, ಇಲ್ಲವೇ ಪದರವನ್ನು ಸೀಳಿಕೊಂಡು ಡೋಲೆರೈಟ್ ಗೋಡೆ ಎದ್ದಿದ್ದರೆ ಅವುಗಳ ವಯಸ್ಸು ಅಳೆದು ಎರಡು ಕಡೆಯಿಂದ ಗಡಿ ಹಾಕುತ್ತಾರೆ. ಡೋಲೆರೈಟ್ ಗೋಡೆ ಪದರವನ್ನು ಕತ್ತರಿಸಿದ್ದರೆ ಪದರವೇ ಮೊದಲು ಕೂತದ್ದು. ಗೋಡೆಯನ್ನು ಸವೆಸಿ ಅದರ ಮೇಲೆ ಪದರ ಹಾಸಿಕೊಂಡಿದ್ದರೆ ಗೋಡೆ ಮೊದಲಿನದು. ಹೊಲದಲ್ಲಿ ನಿಂತಾಗ ಯಾವ ಯಂತ್ರವೂ ಇಲ್ಲದೆ ಮೊದಲು ನೋಡಬೇಕಾದ್ದು ಆ ಸಂಧಿಯನ್ನೇ: ಪದರದ ತಳದಲ್ಲಿ ಡೋಲೆರೈಟಿನ ಗುಂಡುಚೂರುಗಳು ಸಿಕ್ಕಿದರೆ ಗೋಡೆ ಹಳೆಯದು, ಗೋಡೆಗೆ ತಾಗಿದ ಮರಳುಗಲ್ಲು ಬೆಂದು ಗಟ್ಟಿಯಾಗಿದ್ದರೆ ಪದರ ಹಳೆಯದು.